ಸದನದಲ್ಲಿ ಅಡ್ಡಮಾತು: ಎಲ್ಲಿಯವರೆಗೆ ಚರ್ಚೆ, ಎಲ್ಲಿಂದ ಗದ್ದಲ?

ಪ್ರಶ್ನೆ

ಶಾಸನಸಭೆಯ ಕಲಾಪದ ನೇರಪ್ರಸಾರವನ್ನು ನಾನು ತಪ್ಪದೆ ನೋಡುತ್ತೇನೆ. ಕಳೆದ ಅಧಿವೇಶನದಲ್ಲಿ ಸದಸ್ಯೆಯೊಬ್ಬರು ಮಸೂದೆಯೊಂದರ ನಾಲ್ಕನೆಯ ಖಂಡದ ಬಗ್ಗೆ ಆಕ್ಷೇಪ ಎತ್ತಲು ಎದ್ದು ನಿಂತರು. ಒಂದೇ ವಾಕ್ಯವನ್ನು ಅವರು ಮೂರು ಸಲ ಮೊದಲಿನಿಂದ ಹೇಳಬೇಕಾಯಿತು; ಮೂರನೆಯ ಸಲವೂ ವಾಕ್ಯ ಮುಗಿಯುವ ಮುನ್ನ ಎದುರಿನ ಸಾಲುಗಳಿಂದ ಕೂಗು ಎದ್ದಿತು, ಅವರ ಪಾಲಿನ ಸಮಯ ತೀರಿತು, ಮೈಕ್ ಬಂದ್ ಆಯಿತು. ಆ ಖಂಡದಲ್ಲಿ ಅವರಿಗೆ ಕಂಡಿದ್ದ ದೋಷ ಏನೆಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಅಡ್ಡಮಾತಿಲ್ಲದ ಚರ್ಚೆ ಸಪ್ಪೆ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಚರ್ಚೆಗೆ ಚುರುಕು ಕೊಡುವ ಅಡ್ಡಮಾತು ಯಾವುದು, ಮಾತನ್ನೇ ನುಂಗಿಹಾಕುವ ಗದ್ದಲ ಯಾವುದು ಎಂದು ಬೇರ್ಪಡಿಸುವ ಗೆರೆಯನ್ನು ನಿಯಮಗಳು ಎಳೆಯಬಲ್ಲವೆ? ಅಥವಾ ಅದು ಸಭಾಧ್ಯಕ್ಷರ ಪೀಠದಲ್ಲಿ ಕುಳಿತವರ ವಿವೇಚನೆಗೆ ಬಿಟ್ಟ ಸಂಗತಿಯೆ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1

ಶಾಸಕಾಂಗವೊಂದರ ವರದಿ ಶಾಖೆಯಲ್ಲಿ ಶೀಘ್ರಲಿಪಿಗಾರನಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ನಮ್ಮ ಮೇಜು ಇದ್ದದ್ದು ಪೀಠದ ಕೆಳಗೆ, ಎರಡೂ ಪಕ್ಷಗಳ ನಡುವೆ. ಕುಳಿತಲ್ಲಿಂದ ಯಾರೋ ಕೂಗಿದ ಮಾತಿಗೆ ಭಾಷಣ ಮಾಡುತ್ತಿದ್ದವರು ಉತ್ತರ ಕೊಟ್ಟರೆ ಅದನ್ನು ಬರೆದುಕೊಳ್ಳುತ್ತಿದ್ದೆವು, ಕೊಡದಿದ್ದರೆ ಬಿಡುತ್ತಿದ್ದೆವು. ಬ್ರಿಟನ್ನಿನ ಸಂಸತ್ತಿನ ಅಧಿಕೃತ ಕಲಾಪ ವರದಿಯಾದ ಹ್ಯಾನ್ಸರ್ಡ್‌ನಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ. ಉತ್ತರಿಸಲು ಬರುವ ಅಡ್ಡಮಾತು ಸಾಮಾನ್ಯವಾಗಿ ಒಬ್ಬರದು, ಒಂದೇ ವಾಕ್ಯದ್ದು, ವಿಷಯಕ್ಕೆ ಅಂಟಿಕೊಂಡದ್ದು. ‘ಇದಕ್ಕೆ ಹಣ ಎಲ್ಲಿಂದ ತರುತ್ತೀರಿ?’ ಎಂದು ಕೇಳಿದರೆ ಮಂತ್ರಿಗಳು ಕೈಯಲ್ಲಿದ್ದ ಹಾಳೆಯಿಂದ ತಲೆ ಎತ್ತಲೇಬೇಕಾಗುತ್ತಿತ್ತು, ಎಷ್ಟೋ ಸಲ ಆ ಉತ್ತರವೇ ಇಡೀ ಭಾಷಣಕ್ಕಿಂತ ಬೆಲೆಯುಳ್ಳದ್ದಾಗಿರುತ್ತಿತ್ತು. ಹತ್ತು ಜನ ಒಟ್ಟಿಗೆ ಎದ್ದಾಗ ಕಿವಿಗೆ ಬೀಳುವುದು ಪದಗಳಲ್ಲ, ಬರೀ ಸದ್ದು. ಆಗ ಆವರಣದೊಳಗೆ ‘ಗದ್ದಲ’ ಎಂದು ಬರೆದು ಪೆನ್ಸಿಲ್ ಕೆಳಗಿಡುತ್ತಿದ್ದೆವು. ನಾನು ಕಂಡುಕೊಂಡ ಗೆರೆ ಅದೇ.

ನಿಯಮಗಳಿಗೆ ಕೊರತೆಯಿಲ್ಲ. ಲೋಕಸಭೆಯ 349ನೆಯ ನಿಯಮ ಇನ್ನೊಬ್ಬರು ಮಾತನಾಡುವಾಗ ಅಡ್ಡಿಪಡಿಸುವುದನ್ನು ಮಾತ್ರವಲ್ಲ, ಕುಳಿತಲ್ಲಿಂದಲೇ ಟೀಕೆ ಟಿಪ್ಪಣಿ ಮಾಡುತ್ತಿರುವುದನ್ನೂ ನಿಷೇಧಿಸುತ್ತದೆ. ಅಕ್ಷರಶಃ ಪಾಲಿಸಿದರೆ ನಾನು ಹೇಳಿದ ಒಳ್ಳೆಯ ಅಡ್ಡಮಾತಿಗೂ ಜಾಗವಿಲ್ಲ. ಆದ್ದರಿಂದ ಕೊನೆಗೆ ಎಲ್ಲವೂ ಪೀಠದ ಕಿವಿಯನ್ನೇ ಅವಲಂಬಿಸುತ್ತದೆ.

ಉತ್ತರ 2

ಹಿರಿಯರ ಅನುಭವಕ್ಕೆ ಗೌರವ ಸಲ್ಲಿಸುತ್ತಲೇ ಒಂದು ಆತಂಕವನ್ನು ಹೇಳಬೇಕಾಗಿದೆ: ಪೀಠದ ಕಿವಿ ಎರಡೂ ಕಡೆಗೆ ಸಮನಾಗಿ ತೆರೆದಿರುತ್ತದೆ ಎಂದು ನಂಬುವುದು ಹೇಗೆ? ಸಭ್ಯತೆ, ಶಿಸ್ತು ಎಂಬ ಮಾತುಗಳು ಬಹುಮತ ಇದ್ದವರ ಕೈಗೆ ಸುಲಭವಾಗಿ ಸಿಗುವ ಆಯುಧಗಳೂ ಹೌದು. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ 1836ರಿಂದ 1844ರವರೆಗೆ ಗುಲಾಮಗಿರಿಯ ವಿರುದ್ಧ ಬಂದ ಅರ್ಜಿಗಳನ್ನು ಚರ್ಚೆಯೇ ಇಲ್ಲದೆ ಬದಿಗಿಡಲಾಗುತ್ತಿತ್ತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಸದಸ್ಯರಾಗಿ ಅದನ್ನು ವರ್ಷಗಟ್ಟಲೆ ವಿರೋಧಿಸಿದಾಗ, ಸದನದ ಶಾಂತಿ ಕೆಡಿಸುವವರೆಂದು ಎದುರಾಳಿಗಳು ಅವರನ್ನೇ ದೂರಿದರು. ಅಲ್ಲಿ ಕೂಗಿದವರು ತಪ್ಪಿತಸ್ಥರೋ, ಕೂಗುವಂತೆ ಮಾಡಿದವರೋ?

2021ರ ಜುಲೈನಲ್ಲಿ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ವಿರೋಧ ಪಕ್ಷದ ಸದಸ್ಯೆ ಡಾನ್ ಬಟ್ಲರ್ ಅವರು ಪ್ರಧಾನಿ ಸುಳ್ಳು ಹೇಳಿದ್ದಾರೆ ಎಂದರು; ಮಾತನ್ನು ಹಿಂಪಡೆಯಲು ಒಪ್ಪದ್ದರಿಂದ ಅಂದಿನ ಕಲಾಪದಿಂದ ಅವರನ್ನು ಹೊರಗೆ ಕಳುಹಿಸಲಾಯಿತು. ಪ್ರಧಾನಿ ಹೇಳಿದ್ದು ನಿಜವೇ ಅಲ್ಲವೇ ಎಂಬ ಪ್ರಶ್ನೆ ಮಾತ್ರ ಅಲ್ಲಿ ತೀರ್ಮಾನವಾಗಲಿಲ್ಲ. ಕೂಗನ್ನು ತಡೆಯುವ ಮೊದಲು, ಮೆಲುದನಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಗುವ ವ್ಯವಸ್ಥೆ ಆಗಬೇಕು.

ಉತ್ತರ 3

ಉತ್ತರ 2 ಬರೆದವರ ಆತಂಕ ನ್ಯಾಯವಾದದ್ದು, ಆದರೆ ಕೂಗಿನಿಂದ ದುರ್ಬಲರಿಗೆ ಬಲ ಬರುತ್ತದೆ ಎಂಬುದನ್ನು ನಾನು ಒಪ್ಪಲಾರೆ. 2009ರ ಸೆಪ್ಟೆಂಬರ್ 9ರಂದು ಅಮೆರಿಕದ ಅಧ್ಯಕ್ಷ ಒಬಾಮ ಸಂಸತ್ತಿನಲ್ಲಿ ಆರೋಗ್ಯ ಮಸೂದೆಯ ಬಗ್ಗೆ ಮಾತನಾಡುತ್ತಿದ್ದಾಗ ಪ್ರತಿನಿಧಿ ಸಭೆಯ ವಿರೋಧ ಪಕ್ಷದ ಸದಸ್ಯ ಜೋ ವಿಲ್ಸನ್ ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎಂದು ಕೂಗಿದರು. ಅವರು ಕ್ಷಮೆ ಕೇಳಿದರು, ಪ್ರತಿನಿಧಿ ಸಭೆ 240–179 ಮತಗಳಿಂದ ಖಂಡನಾ ನಿರ್ಣಯವನ್ನೂ ಅಂಗೀಕರಿಸಿತು. ಅಷ್ಟು ದಿನ ಚರ್ಚೆಯಾದದ್ದು ಕೂಗು. ಮಸೂದೆಯ ಒಳವಿವರ ಹಿಂದೆ ಸರಿಯಿತು.

ಗದ್ದಲದ ಫಲ ಯಾರಿಗೆ ಸಿಗುತ್ತದೆ ಎಂಬುದನ್ನು ನೋಡಬೇಕು. 2023ರ ಡಿಸೆಂಬರ್‌ನಲ್ಲಿ ಭಾರತದ ಸಂಸತ್ತಿನ ಭದ್ರತಾ ಲೋಪದ ಬಗ್ಗೆ ಗೃಹಮಂತ್ರಿಗಳ ಹೇಳಿಕೆಗಾಗಿ ವಿರೋಧ ಪಕ್ಷಗಳು ಪಟ್ಟು ಹಿಡಿದವು. ಎರಡೂ ಸದನಗಳಿಂದ ಒಟ್ಟು 146 ಸದಸ್ಯರು ಅಮಾನತಾದರು, ಮತ್ತು ಅದೇ ವಾರ ಮೂರು ಹೊಸ ಅಪರಾಧ ಕಾನೂನುಗಳ ಮಸೂದೆಗಳು ಬಹುಪಾಲು ವಿರೋಧ ಪಕ್ಷದ ಗೈರಿನಲ್ಲಿ ಅಂಗೀಕಾರವಾದವು. ಬೇಡಿಕೆ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ, ಅಷ್ಟು ಜನರ ಅಮಾನತು ಅತಿಯಾಯಿತು ಎಂದೂ ಭಾವಿಸುತ್ತೇನೆ. ಆದರೂ ಆ ಮಸೂದೆಗಳ ಒಂದೊಂದು ಖಂಡವನ್ನೂ ಹಿಡಿದು ಪ್ರಶ್ನಿಸಬೇಕಾಗಿದ್ದವರ ಕುರ್ಚಿಗಳು ಖಾಲಿಯಾಗಿದ್ದವು.

ಭಾಷಣಕಾರರು ಒಪ್ಪಿ ಕುಳಿತು, ಎದುರಿನವರಿಗೆ ಅರ್ಧ ನಿಮಿಷ ಬಿಟ್ಟುಕೊಡುವ ಪದ್ಧತಿ ಇದ್ದೇ ಇದೆ. ಗದ್ದಲದಲ್ಲಿ ಕಳೆದುಹೋದ ನಿಮಿಷಗಳನ್ನು ಮಾತನಾಡುವವರಿಗೆ ಕಡ್ಡಾಯವಾಗಿ ಮರಳಿ ಕೊಡುವ ನಿಯಮವೂ ಇದ್ದರೆ ಕೂಗುವುದರಿಂದ ಲಾಭವಿಲ್ಲದಂತಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಉತ್ತರ 1ನ್ನು ಓದಿದ ಮೇಲೆ ಆ ದಿನದ ಮುದ್ರಿತ ಕಲಾಪವನ್ನು ಹುಡುಕಿ ನೋಡಿದೆ. ಸದಸ್ಯೆಯ ವಾಕ್ಯ ಮೂರು ಕಡೆ ಅರ್ಧಕ್ಕೆ ನಿಂತಿದೆ, ಮೂರು ಕಡೆಯೂ ಆವರಣದಲ್ಲಿ ‘ಗದ್ದಲ’ ಎಂದಿದೆ. ನಾಲ್ಕನೆಯ ಖಂಡದ ಬಗ್ಗೆ ತಾವು ಹೇಳಬೇಕೆಂದಿದ್ದದ್ದು ಏನು ಎಂದು ಕೇಳಿ ಅವರ ಕಚೇರಿಗೆ ಪತ್ರ ಬರೆದಿದ್ದೇನೆ.