ಹೊಸ ಕಿವಿ ಮಷೀನು ಹಾಕಿದ್ರ ಪಾತ್ರಿ ಸಪ್ಪಳ ತಲಿಗಿ ಹೊಡೀತದ, ಏನ್ ಮಾಡ್ಬೇಕು?

ಪ್ರಶ್ನೆ (ಕಲಬುರಗಿ)

ತಂದೆಯವರಿಗೆ 68 ವರ್ಷ. ಎರಡೂ ಕಿವಿಗಿ ಮಷೀನು ಹಾಕಿಸೀವಿ. ಕಿವಿ ಹಿಂದ ಕೂಡೋದು, ಸಣ್ಣ ಸ್ಪೀಕರ್ ವೈರಿನ ತುದಿಗಿ ಇರ್ತದಲ್ಲ, ಅದು. 312 ನಂಬರ್ ಬ್ಯಾಟರಿ. ಮಾತು ಮೊದಲಿಗಿಂತ ಚೊಲೊ ಕೇಳಸ್ತದ. ಆದ್ರ ಸ್ಟೀಲ್ ಪಾತ್ರಿ, ಕೂಲರ್ ಸಪ್ಪಳ ತಡ್ಕೊಳ್ಳಕ್ಕ ಆಗ್ತಿಲ್ಲ. ತಮ್ಮ ದನಿ ತಮಗೇ ಕೊಡದಾಗ ಮಾತಾಡಿದಂಗ ಗುಂಯ್ ಅಂತದಂತ. ಉಣ್ಣುವಾಗ ಸೀಟಿ ಬ್ಯಾರೆ. ದಿನಾ ಒಂದು ತಾಸು ಹಾಕಿ ತಗದಿಡ್ತಾರ. ತಾನೇ ಸರಿ ಹೋಗ್ತದೋ, ಮಷೀನು ಕೊಟ್ಟ ಸೆಂಟರಿಗಿ ಕರ್ಕೊಂಡು ಹೋಗ್ಬೇಕೋ?

ಉತ್ತರ (ಬೀದರ್)

ಮೂರಕ್ಕೂ ಕಾರಣ ಬೇರೆ ಬೇರೆ. ಸದ್ದು ಜೋರೆನಿಸುವುದು ರೂಢಿಯಾದಂತೆ ತಗ್ಗುತ್ತದೆ. ಗುಂಯ್‌ಗುಡುವುದು ಮತ್ತು ಸೀಟಿ ಬರೀ ಕಾದರೆ ಸಾಮಾನ್ಯವಾಗಿ ಹೋಗುವುದಿಲ್ಲ, ಅವಕ್ಕೆ ಸೆಂಟರಿಗೆ ಹೋಗಬೇಕಾಗುತ್ತದೆ.

ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮಷೀನು ಕಿವಿಯಲ್ಲೇ ಇರಲಿ, ಬ್ಯಾಟರಿ ಬಾಗಿಲು ಮಾತ್ರ ತೆರೆದು ಆಫ್ ಮಾಡಿ 'ಈ...', 'ಊ...' ಎಂದು ಎಳೆದು ಹೇಳಿಸಿ. ಆಗಲೂ ಗುಂಯ್ ಎಂದರೆ ರಬ್ಬರ್ ಡೋಮ್ (ಕಿವಿಯೊಳಗೆ ಹೋಗುವ ಸ್ಪೀಕರ್ ತುದಿಯ ಮೆತ್ತನೆ ಟೋಪಿ) ಕಿವಿಯನ್ನು ಪೂರ್ತಿ ಮುಚ್ಚಿದೆ. ಎಲುಬಿನ ಮೂಲಕ ಕಿವಿಯೊಳಕ್ಕೆ ಬಂದ ಸ್ವಂತ ದನಿಗೆ ಹೊರಹೋಗಲು ದಾರಿಯಿಲ್ಲ. ತೂತಿರುವ ಓಪನ್ ಡೋಮ್ ಕೇಳಿ. ಆಫ್ ಮಾಡಿದೊಡನೆ ಗುಂಯ್ ನಿಂತರೆ ಕೆಳಸ್ವರದ ಗೇನ್ (ಮಷೀನು ಸದ್ದನ್ನು ಎಷ್ಟು ಹಿಗ್ಗಿಸುತ್ತದೆ ಎಂಬ ಅಳತೆ) ಹೆಚ್ಚಾಗಿದೆ ಎಂದರ್ಥ. ಅದನ್ನು ಕಂಪ್ಯೂಟರಿನಲ್ಲಿ ತಗ್ಗಿಸುತ್ತಾರೆ.

ಉಣ್ಣುವಾಗ ದವಡೆ ಆಡಿ ಕಿವಿ ನಾಳದ ಆಕಾರ ಬದಲಾಗುತ್ತದೆ, ಸಂದಿಯಿಂದ ಸದ್ದು ಸೋರಿ ಮತ್ತೆ ಮೈಕಿಗೆ ಸೇರುತ್ತದೆ. ಅದೇ ಸೀಟಿ. ಮೊದಲು ಗುಗ್ಗೆ ಇದೆಯೇ ನೋಡಿಸಿ, ಆಮೇಲೆ ಡೋಮ್ ಸೈಜ್. ಎಷ್ಟೋ ಸಲ ಡೋಮ್ ಒಳಗೆ ಪೂರ್ತಿ ಹೋಗಿರುವುದೇ ಇಲ್ಲ: ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಾಕಿ. ವೈರ್ ತಲೆಗೆ ಅಂಟಿದಂತೆ ಕೂರಬೇಕು, ಹೊರಗೆ ಬಾಗಿದ್ದರೆ ಸರಿಯಾಗಿ ಕೂತಿಲ್ಲ. ಓಪನ್ ಡೋಮ್ ಹಾಕಿದರೆ ಸೀಟಿ ಹೆಚ್ಚುವ ಸಾಧ್ಯತೆ ಇದೆ, ಆದ್ದರಿಂದ ಎರಡೂ ದೂರನ್ನು ಒಟ್ಟಿಗೇ ಹೇಳಿ. ಡೋಮ್ ಬದಲಿಸಿದ ಮೇಲೆ ಸೆಂಟರಿನವರು ಫೀಡ್‌ಬ್ಯಾಕ್ ಟೆಸ್ಟನ್ನು (ಸೀಟಿ ತಡೆಯಲು ಕಂಪ್ಯೂಟರಿನಲ್ಲಿ ಮಾಡುವ ಪರೀಕ್ಷೆ) ಮತ್ತೆ ಓಡಿಸಬೇಕು.

ಪಾತ್ರೆ ಸದ್ದಿನ ವಿಷಯದಲ್ಲಿ ದಯವಿಟ್ಟು ಎಚ್ಚರ. 'ಕಿರ್ರನೆ ಕೇಳುವುದನ್ನು ಕಡಿಮೆ ಮಾಡಿ' ಎಂದರೆ ಮೇಲಿನ ಸ್ವರಗಳನ್ನೆಲ್ಲ ಇಳಿಸಿಬಿಡುತ್ತಾರೆ. 'ಸ', 'ಶ', 'ಚ' ಇರುವುದೂ ಅಲ್ಲೇ. ಸದ್ದು ಹೋಗುತ್ತದೆ, ಜೊತೆಗೆ ಮಾತಿನ ಸ್ಪಷ್ಟತೆಯೂ ಹೋಗುತ್ತದೆ. ಜೋರು ಸದ್ದಿನ ಗೇನ್ ಮತ್ತು ಗರಿಷ್ಠ ಔಟ್‌ಪುಟ್ (ಮಷೀನು ಹೊರಡಿಸುವ ಅತಿ ಜೋರು ಸದ್ದಿನ ಮಿತಿ) ಮಾತ್ರ ಇಳಿಸಿ, ಮೆಲುದನಿಯದ್ದು ಹಾಗೇ ಇರಲಿ ಎಂದು ಕೇಳಿ.

ಒಂದು ತಾಸು ಸಾಲದು. ಬೆಳಿಗ್ಗೆ ಎರಡು, ಸಂಜೆ ಎರಡು ತಾಸಿನಿಂದ ಶುರು ಮಾಡಿ, ಶಾಂತ ಕೋಣೆಯಲ್ಲಿ, ಒಬ್ಬರೊಡನೆ ಮಾತು. ಪೇಪರ್ ಗಟ್ಟಿಯಾಗಿ ಓದಿಸಿ, ಆಕಾಶವಾಣಿ ವಾರ್ತೆ ಕೇಳಿಸಿ. ಎರಡು ಮೂರು ವಾರದಲ್ಲಿ ಎಚ್ಚರಿರುವಷ್ಟು ಹೊತ್ತೂ ಹಾಕುವಂತಾಗಲಿ. ಸೂಪರ್ ಮಾರ್ಕೆಟ್, ಮದುವೆ ಹಾಲ್ ಎಲ್ಲ ಕೊನೆಗೆ. ಮೆದುಳು ಹೊಂದಿಕೊಳ್ಳಲು ಎರಡು ಮೂರು ತಿಂಗಳು ಬೇಕಾಗಬಹುದು.

ಉತ್ತರ (ಯಾದಗಿರಿ)

ಕೂಲರ್ ಬಗ್ಗೆ: ಗಾಳಿ ನೇರ ಕಿವಿಗಿ ಬಡದ್ರ ಮೈಕಿನಾಗ ಬರ್ರ್ ಅಂತ ಸಪ್ಪಳ ಬರ್ತದ, ಯಾವ ಸೆಟ್ಟಿಂಗಿಗೂ ಅದು ಪೂರ್ತಿ ಹೋಗಲ್ಲ. ಕೂಲರ್ ಬೆನ್ನ ಹಿಂದ ದೂರ ಇಡ್ರಿ, ಗಾಳಿ ಬ್ಯಾರೆ ಕಡಿ ತಿರುಗಸ್ರಿ, ಮಾತಾಡೋರು ಎದುರಿಗಿ ಮೂರು ನಾಕು ಫೂಟಿನಾಗ ಕುಂದ್ರಲಿ.

ನಮ್ಮ ಕಡಿ ಬಿಸಲಿಗಿ ಬ್ಯಾಟರಿ ಲಗೂ ಮುಗೀತದ. ಇದು ಗಾಳಿಯಿಂದ ನಡಿಯೋ ಜಿಂಕ್ ಬ್ಯಾಟರಿ. ಸ್ಟಿಕ್ಕರ್ ಕಿತ್ತ ಮ್ಯಾಲ ಒಣ ಗಾಳಿಗಿ ಒಳಗಿನ ತೇವ ಆರ್ತದ. ಅದಕ್ಕ ಬೇಕಾದಾಗಷ್ಟೇ ಕಂದು ಸ್ಟಿಕ್ಕರ್ ಕೀಳ್ರಿ, ಮೂರು ನಾಕು ನಿಮಿಷ ಬಿಟ್ಟು ಹಾಕ್ರಿ. ಫ್ರಿಜ್ಜಿನಾಗ ಇಡಬ್ಯಾಡ್ರಿ. ರಾತ್ರಿ ಮಷೀನಿನ ಬೆವರು ಆರ್ಲಿಕ್ಕಿ ಸಿಲಿಕಾ ಜೆಲ್ ಡಬ್ಬಿಯಾಗ ಇಡ್ರಿ, ಬ್ಯಾಟರಿ ತಗದು ಹೊರಗ. ಸಣ್ಣ ಹುಡುಗರ ಕೈಗಿ ಬ್ಯಾಟರಿ ಸಿಗಬಾರದು, ನುಂಗಿದ್ರ ಜೀವಕ್ಕ ಅಪಾಯ.

ಪ್ರಶ್ನೆ ಕೇಳಿದವರು

ಭಾಳ ಉಪಕಾರ ಆಯ್ತು. ಇನ್ನೊಂದು: ಎಡಕಿನದ್ರಾಗ ದನಿ ಸಣ್ಣಾಗ್ಯಾದ. ಬ್ಯಾಟರಿ ಬದಲಿಸಿದ್ರೂ ಹಂಗೇ.

ಉತ್ತರ (ಬೀದರ್)

ಕಿವಿಗೆ ಎಣ್ಣೆ ಬಿಡುತ್ತಿದ್ದರೆ ಇಂದೇ ನಿಲ್ಲಿಸಿ. ಡೋಮ್ ತೆಗೆದರೆ ಸ್ಪೀಕರ್ ತುದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಫಿಲ್ಟರ್ ಕಾಣುತ್ತದೆ, ಗುಗ್ಗೆ ಕಟ್ಟುವುದು ಅಲ್ಲೇ. ಪಿನ್ನು ಹಾಕಿ ಕೆದಕಬೇಡಿ. ಮಷೀನಿನ ಜೊತೆಗೆ ಕೊಟ್ಟ ಫಿಲ್ಟರ್ ಕಡ್ಡಿಯ ಖಾಲಿ ತುದಿಯಿಂದ ಹಳೆಯದನ್ನು ಎಳೆದು, ಕಡ್ಡಿ ತಿರುಗಿಸಿ, ಇನ್ನೊಂದು ತುದಿಯ ಹೊಸದನ್ನು ಒತ್ತಿ. ಡೋಮ್ ಮತ್ತೆ ಹಾಕಿ, ಬಿಗಿಯಾಗಿದೆಯೇ ಎಂದು ಎಳೆದು ನೋಡಿ. ಸಡಿಲವಿದ್ದರೆ ಕಿವಿಯೊಳಗೇ ಉಳಿದುಬಿಡುತ್ತದೆ. ಹೊಸ ಫಿಲ್ಟರಿಗೂ ದನಿ ಏಳದಿದ್ದರೆ ವಾರಂಟಿ ಕಾರ್ಡಿನೊಂದಿಗೆ ಸೆಂಟರಿಗೆ ಹೋಗಿ. ಮಷೀನು ಸರಿಯಿದ್ದೂ ಆ ಕಿವಿಯೇ ದಿಢೀರನೆ ಮಂದವಾಗಿದ್ದರೆ, ಸೋರಿಕೆ ಅಥವಾ ತಲೆಸುತ್ತು ಇದ್ದರೆ, ಅವತ್ತೇ ಇಎನ್‌ಟಿ ಡಾಕ್ಟರಿಗೆ ತೋರಿಸಿ.