ಗಿಂಬ್ರಿ ಜೊತೆ ಸ್ಯಾಕ್ಸ್: ಶ್ರುತಿ ನಿಲ್ಲುತ್ತಿಲ್ಲ

ಪ್ರಶ್ನೆ: ಅಮೆರಿಕದ ಜಾಝ್ ಸ್ಯಾಕ್ಸಫೋನ್ ವಾದಕ ಫರೋವಾ ಸ್ಯಾಂಡರ್ಸ್ 1994ರಲ್ಲಿ ಮೊರಾಕ್ಕೋದ ಎಸ್ಸೌಯಿರಾದಲ್ಲಿ ಗ್ನಾವಾ (ಅಲ್ಲಿನ ಭಕ್ತಿ-ಆವೇಶದ ಸಂಗೀತ ಪರಂಪರೆ) ಗುರು ಮಹಮೂದ್ ಗಾನಿಯಾ ಜೊತೆ ನುಡಿಸಿದ ಬಗೆಯ ಪ್ರಯೋಗ ನಮ್ಮದು. ಮಳೆಗಾಲದಲ್ಲಿ ಗಿಂಬ್ರಿ (ಗ್ನಾವಾದ ಮೂರು ತಂತಿಯ ಮಂದ್ರ ವಾದ್ಯ) ಶ್ರುತಿ ಇಳಿದುಬಿಡುತ್ತೆ. ಪರಿಹಾರ?

ಉತ್ತರ 1: ಅದರ ಮುಚ್ಚಿಗೆ ಒಂಟೆ ಚರ್ಮ. ತೇವಕ್ಕೆ ಸಡಿಲಾದರೆ ಕುದುರೆ (ತಂತಿ ಹೊರುವ ಸೇತುವೆ) ಕುಸಿದು ಮೂರೂ ತಂತಿ ಇಳಿಯುತ್ತವೆ. ತಮಟೆ ಕಾಯಿಸುವ ಹಾಗೆ ದೂರದಿಂದ ಹದವಾಗಿ ಬಿಸಿ ತೋರಿಸಿ, ಆಮೇಲೆ ಹಿಡಿಯ ಮೇಲಿನ ತೊಗಲ ಪಟ್ಟಿ ಸರಿಸಿ. ಗಿಂಬ್ರಿಗೆ ಹೊಂದಿಸಲು ಸ್ಯಾಕ್ಸ್ ಶ್ರುತಿಯನ್ನೇ ಇಳಿಸಲು ಮೌತ್‌ಪೀಸ್ ತೀರಾ ಹೊರಗೆಳೆದರೆ ಆಕ್ಟೇವ್‌ಗಳೇ ತಪ್ಪುತ್ತವೆ.

ಉತ್ತರ 2: ಶ್ರುತಿಗಿಂತ ಲಯ ಕಷ್ಟ. ಕ್ರಾಕೆಬ್‌ನ (ಕೈಯಲ್ಲಿ ಬಡಿಯುವ ಕಬ್ಬಿಣದ ತಾಳ) ನಡೆ ತಿಶ್ರವೂ (ಮೂರರ ನಡೆ) ಅಲ್ಲ, ಚತುರಶ್ರವೂ (ನಾಲ್ಕರ ನಡೆ) ಅಲ್ಲ, ನಡುವೆ ತೂಗುತ್ತೆ. ಡ್ರಮ್ಮರ್ ಒಂದಕ್ಕೆ ಕಟ್ಟಿಹಾಕಿದರೆ ಆ ತೂಗಾಟವೇ ಸತ್ತುಹೋಗುತ್ತೆ. ಕ್ರಾಕೆಬ್ ಮೈಕ್‌ನಿಂದ ದೂರವಿರಲಿ.

ಉತ್ತರ 1: ನಿಜ. ಸ್ಯಾಕ್ಸ್‌ನ ಚೀರು ಮೊದಲೇ ಬೇಡ. ಗಿಂಬ್ರಿಯ ಮರುಕಳಿಸುವ ಆವರ್ತನ ಮೊದಲು ಮೈಗೂಡಲಿ.