ಸಕ್ಕರೆ ಬಿಟ್ಟು ಐದು ವಾರವಾದರೂ ಬೆಳಗಿನ ಶುಗರ್ ಇಳಿಯುತ್ತಿಲ್ಲ, ಊಟದಲ್ಲಿ ಎಲ್ಲಿ ತಪ್ಪುತ್ತಿದ್ದೇನೆ?

ಮಂಡಿಪೇಟೆ ಗುಮಾಸ್ತ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸವಾದ್ದರಿಂದ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಹೆಚ್ಚುಕಡಿಮೆ ಕುಳಿತೇ ಇರುತ್ತೇನೆ. ಕಾಲಿನ ಗಾಯವೊಂದು ಹದಿನೈದು ದಿನವಾದರೂ ಮಾಯದಿದ್ದಾಗ ರಕ್ತಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯಲ್ಲಿ 168, ಊಟವಾದ ಎರಡು ಗಂಟೆಗೆ 254, ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 8.2 ಎಂದು ಬಂದಿತು. ವೈದ್ಯರು ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡು ಬಾರಿ ಊಟದ ಜೊತೆ ತೆಗೆದುಕೊಳ್ಳಲು ಬರೆದುಕೊಟ್ಟು, ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ನಡೆಯಿರಿ, ಮೂರು ತಿಂಗಳ ನಂತರ ಬನ್ನಿ ಎಂದರು. ಹೊರಗೆ ರೋಗಿಗಳ ಸಾಲು ನೋಡಿ ಇನ್ನೂ ಕೇಳಲು ನನಗೇ ಸಂಕೋಚವಾಯಿತು.

ಅಂದಿನಿಂದ ಸಕ್ಕರೆ ಮುಟ್ಟಿಲ್ಲ. ದಿನಕ್ಕೆ ನಾಲ್ಕು ಲೋಟ ಚಹಾವನ್ನು ಬೆಲ್ಲ ಹಾಕಿ ಕುಡಿಯುತ್ತೇನೆ. ಅನ್ನವನ್ನು ಪೂರ್ತಿ ಬಿಟ್ಟು ಎರಡು ಹೊತ್ತೂ ಎರಡೆರಡು ರಾಗಿಮುದ್ದೆ ಉಣ್ಣುತ್ತೇನೆ. ಸಂಜೆ ಮಂಡಕ್ಕಿಯ ಜೊತೆ ಮಿರ್ಚಿ ತಿನ್ನುವ ಅಭ್ಯಾಸವಿತ್ತು. ಈಗ ಎಣ್ಣೆಯ ಮಿರ್ಚಿ ಬಿಟ್ಟು, ಹಗುರವೆಂದು ಬರೀ ಮಂಡಕ್ಕಿ ತಿನ್ನುತ್ತೇನೆ. ಭಾನುವಾರದ ಬೆಣ್ಣೆದೋಸೆಯೂ ನಿಂತಿದೆ. ಬೆಳಿಗ್ಗೆ ಕುಂದುವಾಡ ಕೆರೆಯ ಏರಿಯ ಮೇಲೆ ನಲವತ್ತು ನಿಮಿಷ ನಡೆಯುತ್ತೇನೆ. ಇಷ್ಟಾದರೂ ಮನೆಯ ಗ್ಲುಕೋಮೀಟರಿನಲ್ಲಿ ಬೆಳಗಿನ ಅಂಕಿ 150ರಿಂದ 158ರ ನಡುವೆಯೇ ನಿಂತುಬಿಟ್ಟಿದೆ. ಮಾತ್ರೆ ಬಿಟ್ಟು ಹಾಗಲಕಾಯಿ ರಸ ಮತ್ತು ಅಮೃತಬಳ್ಳಿ ಕಷಾಯ ಶುರುಮಾಡು ಎಂದು ನನ್ನ ಸೋದರಮಾವ ದಿನವೂ ಫೋನ್ ಮಾಡಿ ಒತ್ತಾಯಿಸುತ್ತಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ನಿವೃತ್ತ ಮೇಷ್ಟ್ರು, ಹೊಳಲ್ಕೆರೆ

ಗುಮಾಸ್ತರೇ, ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆಯೊಡನೆ ಬಾಳುತ್ತಿರುವ ನಾನು ಮೊದಲ ವರ್ಷ ಮಾಡಿದ ತಪ್ಪುಗಳನ್ನೇ ನೀವೂ ಮಾಡುತ್ತಿದ್ದೀರಿ. ನೀವು ಪದಾರ್ಥಗಳ ಹೆಸರು ಬದಲಿಸಿದ್ದೀರಿ, ಅಳತೆ ಬದಲಿಸಿಲ್ಲ. ಬೆಲ್ಲದ ಬಹುಪಾಲು ಸಕ್ಕರೆಯೇ ಆದ್ದರಿಂದ, ರಕ್ತಕ್ಕೆ ಸೇರಿದ ಮೇಲೆ ಅದು ಬಂದದ್ದು ಬೆಲ್ಲದ ಅಚ್ಚಿನಿಂದಲೋ ಸಕ್ಕರೆ ಡಬ್ಬಿಯಿಂದಲೋ ಎಂದು ಶರೀರ ವಿಚಾರಿಸುವುದಿಲ್ಲ. ಮಂಡಕ್ಕಿ ಹಗುರವಾಗಿರುವುದು ತಕ್ಕಡಿಯಲ್ಲಿ ಮಾತ್ರ. ಅಕ್ಕಿಯನ್ನು ಅರಳಿಸಿದ್ದರಿಂದ ಅದು ಬೇಗ ಜೀರ್ಣವಾಗಿ ಶುಗರನ್ನು ಅನ್ನಕ್ಕಿಂತ ಚುರುಕಾಗಿ ಏರಿಸುತ್ತದೆ.

ಇನ್ನು ಮುದ್ದೆಯ ವಿಷಯ. ನಾನೂ ಮುದ್ದೆಯ ಸೀಮೆಯವನೇ ಆದ್ದರಿಂದ ಇದನ್ನು ಹೇಳಲು ಹೊಟ್ಟೆ ಉರಿಯುತ್ತದೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ ಅಷ್ಟೇ ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ರಾಗಿಯಲ್ಲಿ ನಾರು, ಸುಣ್ಣದಂಶ ಹೆಚ್ಚು ಎಂಬುದು ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನು ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗುವ ನಮ್ಮ ಪದ್ಧತಿಯಲ್ಲಿ ಆ ಅನುಕೂಲದ ಒಂದಿಷ್ಟು ಪಾಲು ಸೋರಿಹೋಗುತ್ತದೆ. ನಮ್ಮ ಮನೆಯಲ್ಲಿ ಒಮ್ಮೆ ತೂಗಿ ನೋಡಿದಾಗ ಒಂದು ಮುದ್ದೆಗೆ 90 ಗ್ರಾಂ ಹಿಟ್ಟು ಹಿಡಿದಿತ್ತು. ಆ ಲೆಕ್ಕದಲ್ಲಿ ಎರಡು ಮುದ್ದೆಯೆಂದರೆ 120 ಗ್ರಾಂ ಪಿಷ್ಟ. ಬಿಟ್ಟ ಅನ್ನಕ್ಕಿಂತ ಅದು ಕಡಿಮೆಯೇನೂ ಆಗಿರಲಾರದು.

ನೀವು ಲೆಕ್ಕದವರು, ಒಂದು ನೋಟ್‌ಬುಕ್ ಇಡಿ. ಬೆಳಗಿನ ಒಂದೇ ಅಂಕಿಗೆ ಕೊರಗುವ ಬದಲು, ಒಂದು ದಿನ ತಿಂಡಿಗೆ ಮುಂಚೆ ಮತ್ತು ಎರಡು ಗಂಟೆಯ ನಂತರ, ಮರುದಿನ ಮಧ್ಯಾಹ್ನದ ಊಟಕ್ಕೆ ಹಾಗೆಯೇ, ಮೂರನೆಯ ದಿನ ರಾತ್ರಿಗೆ ಎಂಬಂತೆ ಪರೀಕ್ಷಿಸಿ, ಏನು ಎಷ್ಟು ತಿಂದಿರೆಂದು ಪಕ್ಕದಲ್ಲಿ ಬರೆಯಿರಿ. ಬೆರಳು ಚುಚ್ಚುವ ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಬಾಳೆಹಣ್ಣು ಸುಲಿದ ಕೈಯಲ್ಲಿ ಪರೀಕ್ಷಿಸಿ ಒಮ್ಮೆ ನಾನು ಸುಮ್ಮನೆ ಗಾಬರಿಯಾಗಿದ್ದೆ. ಬೆಣ್ಣೆದೋಸೆಯನ್ನಂತೂ ಮರೆತುಬಿಡಿ: ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ಹಾಕಿ ರುಬ್ಬಿದ ಹಿಟ್ಟು, ಮೇಲೆ ಆಲೂಗಡ್ಡೆ ಪಲ್ಯ.

ಆಹಾರ ತಜ್ಞೆ, ದಾವಣಗೆರೆ

ಮೇಷ್ಟ್ರ ಮಾತನ್ನು ಒಪ್ಪುತ್ತೇನೆ. ಬೆಳಗಿನ ಅಂಕಿಯ ಬಗ್ಗೆ ಮಾತ್ರ ಕೆಲವು ವಿಷಯಗಳನ್ನು ಸೇರಿಸಬೇಕಿದೆ. ನಾವು ಮಲಗಿರುವಾಗ ಯಕೃತ್ತು ತನ್ನಲ್ಲಿರುವ ಗ್ಲುಕೋಸನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲಿ ಈ ಬಿಡುಗಡೆಗೆ ಕಡಿವಾಣ ಇರುವುದಿಲ್ಲ. ಆದ್ದರಿಂದಲೇ ರಾತ್ರಿಯೆಲ್ಲ ಏನೂ ತಿನ್ನದಿದ್ದರೂ ಬೆಳಿಗ್ಗೆ ಶುಗರ್ ಹೆಚ್ಚಿರುತ್ತದೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಇದನ್ನೇ ತಡೆಯುತ್ತದೆ, ಆದರೆ ಅದರ ಪೂರ್ಣ ಪರಿಣಾಮ ಕಾಣಲು ಕೆಲವು ವಾರಗಳು ಬೇಕು. 168ರಿಂದ 150ರ ಆಸುಪಾಸಿಗೆ ಇಳಿದಿರುವುದು ಸೋಲಲ್ಲ. ಅಂಗಡಿ ಮುಚ್ಚಿ ಬಂದು ಎರಡು ಮುದ್ದೆ ಉಂಡು ಕೂಡಲೇ ಮಲಗುವುದು ಮಾತ್ರ ಈ ಅಂಕಿಯನ್ನು ಮೇಲೆಯೇ ಹಿಡಿದಿಡಬಲ್ಲದು.

ಬೆಳಗಿನ ನಡಿಗೆಯನ್ನು ಬಿಡಬೇಡಿ, ಆದರೆ ಮಧ್ಯಾಹ್ನ ಮತ್ತು ರಾತ್ರಿ ಊಟವಾದ ಮೇಲೆ ಹತ್ತು ಹದಿನೈದು ನಿಮಿಷವಾದರೂ ಓಡಾಡಿ. ಕಾಲಿನ ಸ್ನಾಯುಗಳು ಕೆಲಸ ಮಾಡುವಾಗ ಆಗತಾನೇ ಏರುತ್ತಿರುವ ಗ್ಲುಕೋಸನ್ನು ಎಳೆದುಕೊಳ್ಳುತ್ತವೆ. ತಟ್ಟೆಯ ಅರ್ಧಭಾಗ ಸೊಪ್ಪು ತರಕಾರಿ, ಕಾಲುಭಾಗ ಬೇಳೆಕಾಳು ಅಥವಾ ಮೊಟ್ಟೆ, ಉಳಿದ ಕಾಲುಭಾಗ ಮಾತ್ರ ಮುದ್ದೆ, ರೊಟ್ಟಿ ಅಥವಾ ಅನ್ನ ಇರಲಿ. ಮೊದಲು ಕೋಸಂಬರಿ, ಪಲ್ಯ, ಕಾಳು ತಿಂದು ಕೊನೆಗೆ ಮುದ್ದೆಗೆ ಕೈ ಹಾಕಿದರೆ ಊಟದ ನಂತರದ ಏರಿಕೆ ಇನ್ನೂ ತಗ್ಗುತ್ತದೆ. ನೀವು ತೂಕ ತಿಳಿಸಿಲ್ಲ. ಸೊಂಟದ ಸುತ್ತಳತೆ 90 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಅದನ್ನು ಇಳಿಸುವುದೇ ದೊಡ್ಡ ಔಷಧಿ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಡೈರೆಕ್ಟ್ ಎಂಬ ಅಧ್ಯಯನದಲ್ಲಿ, ತೂಕ ಇಳಿಸುವ ಕಟ್ಟುನಿಟ್ಟಾದ ಕ್ರಮಕ್ಕೆ ಸೇರಿದವರಲ್ಲಿ ಶೇ. 46ರಷ್ಟು ಮಂದಿ ಒಂದು ವರ್ಷದ ಹೊತ್ತಿಗೆ ಔಷಧಿಯಿಲ್ಲದೆ 6.5ಕ್ಕಿಂತ ಕೆಳಗಿನ ಎಚ್‌ಬಿಎ1ಸಿ ತಲುಪಿದ್ದರು. ಅವರೆಲ್ಲ ವೈದ್ಯರ ನಿಗಾದಲ್ಲಿದ್ದರು ಎಂಬುದನ್ನು ಮರೆಯಬಾರದು.

ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹಾಗಲಕಾಯಿಯನ್ನು ಪಲ್ಯವಾಗಿ ಧಾರಾಳವಾಗಿ ತಿನ್ನಿ, ಮಾತ್ರೆಯ ಬದಲಿಯಾಗಿ ಬೇಡ. ಅಮೃತಬಳ್ಳಿಯ ಸೇವನೆಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ನಮ್ಮ ದೇಶದಲ್ಲಿಯೇ ವರದಿಯಾಗಿವೆ ಎಂದು ಮಾವನವರಿಗೆ ವಿನಯದಿಂದ ತಿಳಿಸಿ. ಕಾಲಿನ ಗಾಯ ಇನ್ನೂ ಒಣಗಿರದಿದ್ದರೆ ಮೂರು ತಿಂಗಳು ಕಾಯದೆ ಈ ವಾರವೇ ತೋರಿಸಿ. ಕಣ್ಣಿನ ಹಿಂಭಾಗದ ಪರೀಕ್ಷೆ ಮತ್ತು ಮೂತ್ರಪಿಂಡಕ್ಕಾಗಿ ಮೂತ್ರದ ಅಲ್ಬುಮಿನ್ ಪರೀಕ್ಷೆಯನ್ನು ಕಾಯಿಲೆ ಗೊತ್ತಾದಾಗಲೇ ಒಮ್ಮೆ ಮಾಡಿಸಬೇಕು.

ಒಬ್ಬ ಗೃಹಿಣಿ, ಹರಿಹರ

ಅಣ್ಣಾ, ನಮ್ಮ ಯಜಮಾನರಿಗೆ ನಾಲ್ಕು ವರ್ಷದಿಂದ ಇದೇ ಕಾಯಿಲೆ ಇರುವುದರಿಂದ ಅಡುಗೆಮನೆಯ ಕಡೆಯಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ. ಸಿರಿಧಾನ್ಯದಿಂದ ಕಾಯಿಲೆಯೇ ಹೋಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ನಾನು ಮನೆಯಲ್ಲಿ ನವಣೆ ಅನ್ನ ಶುರುಮಾಡಿದೆ. ಒಳ್ಳೆಯದಲ್ಲವೇ ಎಂದು ಅವರು ತಟ್ಟೆ ತುಂಬ ಬಡಿಸಿಕೊಂಡರು, ಎರಡು ಗಂಟೆಯ ನಂತರ 214 ಬಂದಿತು. ಅದೇ ನವಣೆಯನ್ನು ಒಂದು ಸಣ್ಣ ಬಟ್ಟಲಿನಷ್ಟೇ ಕೊಟ್ಟು, ಜೊತೆಗೆ ಹುರುಳಿಕಾಳಿನ ಸಾರು, ಮೆಂತ್ಯಸೊಪ್ಪಿನ ಪಲ್ಯ, ಸೌತೆಕಾಯಿ ಇಟ್ಟಾಗ 160ರ ಒಳಗೆ ನಿಂತಿತು. ಈಗ ರಾತ್ರಿಗೆ ಒಂದೂವರೆ ಜೋಳದ ರೊಟ್ಟಿ, ಕಾಳುಪಲ್ಯ, ಅಗಸೆ ಚಟ್ನಿಪುಡಿ. ಸಂಜೆಗೆ ಹೆಸರುಕಾಳಿನ ಉಸಲಿ ಅಥವಾ ಒಂದು ಹಿಡಿ ಹುರಿದ ಶೇಂಗಾ. ಮಂಡಕ್ಕಿ ಭಟ್ಟಿಯ ಊರಿನಲ್ಲಿದ್ದು ಮಂಡಕ್ಕಿ ಬಿಡುವುದು ಕಷ್ಟವೆಂದು ಬಲ್ಲೆ.

ನಿಮ್ಮ ಅಂಗಡಿ ಮುಚ್ಚುವುದು ಒಂಬತ್ತಕ್ಕಾದರೆ ರಾತ್ರಿಯ ಊಟವನ್ನು ಡಬ್ಬಿಯಲ್ಲಿ ತರಿಸಿಕೊಂಡು ಏಳೂವರೆಗೆ ಅಲ್ಲಿಯೇ ಮುಗಿಸಿಬಿಡಿ. ಅತ್ತಿಗೆಗೂ ಎರಡು ಬಾರಿ ಒಲೆ ಹಚ್ಚುವುದು ತಪ್ಪುತ್ತದೆ. ಬೆಣ್ಣೆದೋಸೆಯ ವಿಷಯದಲ್ಲಿ ಮಾತ್ರ ಮೇಷ್ಟ್ರು ಕ್ಷಮಿಸಬೇಕು. ಪೂರ್ತಿ ನಿಷೇಧಿಸಿದಾಗ ನಮ್ಮವರು ಕದ್ದು ತಿಂದು ಬರುತ್ತಿದ್ದರು. ತಿಂಗಳಿಗೊಮ್ಮೆ ಒಂದೇ ದೋಸೆ, ಪಲ್ಯ ಬೇಡ, ತಿಂದ ಮೇಲೆ ಮನೆಯವರೆಗೆ ನಡೆದೇ ಬರಬೇಕು ಎಂದು ಒಪ್ಪಂದ ಮಾಡಿಕೊಂಡ ಮೇಲೆ ಆ ಕಳ್ಳತನ ನಿಂತಿದೆ.

ಮಂಡಿಪೇಟೆ ಗುಮಾಸ್ತ, ದಾವಣಗೆರೆ (24 ದಿನಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಚಹಾ ಎರಡು ಲೋಟಕ್ಕೆ ಇಳಿದಿದೆ, ಬೆಲ್ಲವಿಲ್ಲ. ಮೊದಲ ವಾರ ಔಷಧಿ ಕುಡಿದಂತೆ ಆಗುತ್ತಿತ್ತು, ಈಗ ರೂಢಿಯಾಗಿದೆ. ಮುದ್ದೆಯನ್ನು ಮಧ್ಯಾಹ್ನ ಮಾತ್ರ, ಅದೂ ಅರ್ಧ ಗಾತ್ರದ್ದನ್ನು, ಕಾಳುಪಲ್ಯ ಮುಗಿಸಿದ ಮೇಲೆ ಉಣ್ಣುತ್ತೇನೆ. ಡಬ್ಬಿ ಏಳೂವರೆಗೆ ಅಂಗಡಿಗೆ ಬರುತ್ತದೆ, ಮುಗಿಸಿ ಮಂಡಿಯ ಬೀದಿಯಲ್ಲಿ ಎರಡು ಸುತ್ತು ಹಾಕುತ್ತೇನೆ. ಹಮಾಲರು ಮೊದಮೊದಲು ನಕ್ಕರು. ಕಳೆದ ಐದು ದಿನಗಳ ಬೆಳಗಿನ ಅಂಕಿಗಳು 138, 131, 134, 129, 132. ಮಧ್ಯಾಹ್ನದ ಊಟದ ನಂತರ 170ರ ಸುತ್ತಮುತ್ತ. ಗಾಯವನ್ನು ತೋರಿಸಿದೆ, ಒಣಗುತ್ತಿದೆ. ಕಣ್ಣಿನ ಪರೀಕ್ಷೆಯಲ್ಲಿ ತೊಂದರೆ ಕಂಡಿಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಯುಗಾದಿಗೆ ಮನೆಯಲ್ಲಿ ಹೋಳಿಗೆ ಮಾಡುತ್ತಾರೆ, ತಾಯಿ ಕೈಯಾರೆ ಬಡಿಸುತ್ತಾರೆ. ಏನು ಮಾಡಲಿ?

ಆಹಾರ ತಜ್ಞೆ, ದಾವಣಗೆರೆ

ಒಂದು ಹೋಳಿಗೆ ತಿನ್ನಿ. ಆ ಹೊತ್ತಿಗೆ ಮುದ್ದೆ, ಅನ್ನ, ಚಿತ್ರಾನ್ನ ಮೂರೂ ಬೇಡ. ಮೊದಲು ಕೋಸಂಬರಿ ಮತ್ತು ಪಲ್ಯ, ಆಮೇಲೆ ಹೋಳಿಗೆ, ಅದರ ಮೇಲೆ ಹಾಲು ಸುರಿದುಕೊಳ್ಳುವುದಿದ್ದರೆ ಸಕ್ಕರೆ ಹಾಕದ ಹಾಲು. ಎರಡು ಗಂಟೆಯ ನಂತರ ಪರೀಕ್ಷಿಸಿ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮುಂದಿನ ಹಬ್ಬಕ್ಕೆ ಬೇಕಾಗುತ್ತದೆ.